ಸೊಪ್ಪು ಅಗ್ಗ, ಸೋಸುವ ಕೈ ತುಟ್ಟಿ

ಅಡುಗೆಮನೆ ಪ್ರಶ್ನೋತ್ತರ

ಹೋದ ಸಂಚಿಕೆಯಲ್ಲಿ ಓದುಗರೊಬ್ಬರು "ಮನೆ ಅಡುಗೆಯಷ್ಟು ಅಗ್ಗದ ಔಷಧಿ ಇನ್ನೊಂದಿಲ್ಲ, ಮಾಡುವ ಮನಸ್ಸು ಬೇಕು ಅಷ್ಟೇ" ಎಂದು ಬರೆದಿದ್ದರು. ಆ ಒಂದು ಸಾಲಿಗೆ ಬಂದ ಪತ್ರಗಳು ಒಂದು ಕೈಚೀಲ ತುಂಬಿವೆ. ಕೆಲವರು ಹೌದು ಎಂದಿದ್ದಾರೆ. ಹೆಚ್ಚಿನವರಿಗೆ ಅದು ಚುಚ್ಚಿದೆ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್ ಟೈಲರ್. ಕೈಗೆ 12,500 ಬರುತ್ತದೆ. ನಮ್ಮ ಮನೆಯವರು ಆಟೊ ಓಡಿಸುತ್ತಾರೆ, ಅವರ ದುಡಿಮೆ ಬಾಡಿಗೆಗೂ ಆಟೊ ಕಂತಿಗೂ ಸರಿಹೋಗುತ್ತದೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ಏಳಕ್ಕೆ. ರಾತ್ರಿ ಅನ್ನ, ತಿಳಿಸಾರು, ಹಪ್ಪಳ. ವಾರದಲ್ಲಿ ಒಂದೆರಡು ದಿನ ಮಕ್ಕಳಿಗೆ ನೂಡಲ್ಸ್. ಸ್ಕೂಲ್ ಮೀಟಿಂಗಿನಲ್ಲಿ ಮಿಸ್ಸು ಎಲ್ಲರ ಮುಂದೆ "ತರಕಾರಿ, ಹಣ್ಣು ಕೊಡಿ, ಸ್ವಲ್ಪ ಮನಸ್ಸು ಮಾಡಿ" ಎಂದರು. ನಾನು ಮನಸ್ಸು ಮಾಡುತ್ತಿಲ್ಲವಾ?
— ಸುಂಕದಕಟ್ಟೆಯ ಓದುಗರು

ಉತ್ತರ: ಮನಸ್ಸಿನ ವಿಷಯ ಆಮೇಲೆ ತಂಗಿ, ಮೊದಲು ಲೆಕ್ಕ ಮಾಡೋಣ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಆಹಾರದ ಹೊಸ ಮಾರ್ಗಸೂಚಿ ಹೊರಡಿಸಿತು. ದಿನಕ್ಕೆ 2,000 ಕ್ಯಾಲೊರಿ ಬೇಕಾದವರಿಗೆ ಸೊಪ್ಪೂ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 300 ಮಿಲಿ ಹಾಲು ಅಥವಾ ಮೊಸರು, 85 ಗ್ರಾಂ ಬೇಳೆಕಾಳು ಇಲ್ಲವೇ ಮೊಟ್ಟೆ, ಮಾಂಸ. ನಿಮ್ಮ ಮನೆಯಲ್ಲಿ ನಾಲ್ಕು ಜನ. ಮಕ್ಕಳು ಚಿಕ್ಕವರು ಅಂತ ಮೂರೇ ಜನದ ಲೆಕ್ಕ ಹಿಡಿಯುತ್ತೇನೆ. ತಿಂಗಳಿಗೆ 36 ಕೆಜಿ ತರಕಾರಿ. ನಮ್ಮ ರಾಜಾಜಿನಗರದ ತಳ್ಳುಗಾಡಿಯಲ್ಲಿ ಎಲ್ಲ ಸೇರಿಸಿ ಕೆಜಿಗೆ 40 ರೂಪಾಯಿ ಬಿತ್ತು ಅಂದುಕೊಂಡರೂ 1,440. ಬಾಳೆ, ಪರಂಗಿಯಂಥ ಅಗ್ಗದ ಹಣ್ಣೇ 9 ಕೆಜಿಗೆ 540. ಬೇಳೆ, ಕಾಳು ಏಳೂವರೆ ಕೆಜಿ, ಸುಮಾರು 900. ನೀಲಿ ಪ್ಯಾಕೆಟ್ ಹಾಲು 27 ಲೀಟರ್, 46ರಂತೆ 1,242. ಕೂಡಿದರೆ ನಾಲ್ಕು ಸಾವಿರ ದಾಟಿತು. ಅಕ್ಕಿ, ರಾಗಿ, ಎಣ್ಣೆ, ಗ್ಯಾಸ್ ಇನ್ನೂ ಸೇರಿಸಿಲ್ಲ. ನಿಮ್ಮ ಸಂಬಳದ ಮೂರನೇ ಒಂದು ಪಾಲು ಅಲ್ಲಿಗೇ ಹೋಯಿತು. ಮಿಸ್ಸಿಗೆ ಈ ಚೀಟಿ ತೋರಿಸಿ.

ಇದು ದುಡ್ಡಿನ ಲೆಕ್ಕ. ಇನ್ನೊಂದು ಲೆಕ್ಕ ಯಾರೂ ಹಾಕುವುದಿಲ್ಲ. ನಾನು ವರ್ಷಗಟ್ಟಲೆ ಆಸ್ಪತ್ರೆಯ ಒಪಿಡಿಯಲ್ಲಿ ಕೂತು ಡಯಟ್ ಚೀಟಿ ಬರೆದುಕೊಟ್ಟವಳು. "ಸೊಪ್ಪು ಹೆಚ್ಚು ತಿನ್ನಿ" ಅಂತ ಅಚ್ಚು ಹಾಕಿಸಿದ ಚೀಟಿ ಅದು. ಸೋಸುವವರು ಯಾರು ಅಂತ ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ.

ದಂಟಿನ ಸೊಪ್ಪನ್ನೇ ತೆಗೆದುಕೊಳ್ಳಿ. ಕಟ್ಟು ಬಿಚ್ಚಬೇಕು. ನಡುವೆ ಸೇರಿಕೊಂಡ ಹುಲ್ಲು ಆರಿಸಬೇಕು. ಬುಡ ಕತ್ತರಿಸಿ, ಹುಳ ತಿಂದ ಎಲೆ ಬಿಸಾಕಿ, ಎಳೇ ದಂಟಿನ ನಾರು ಎಳೆಯಬೇಕು. ಆಮೇಲೆ ತೊಳೆಯುವುದು. ಮೊದಲ ನೀರು ಕೆಮ್ಮಣ್ಣು, ಎರಡನೇ ನೀರಿನಲ್ಲೂ ತಳಕ್ಕೆ ಮರಳು, ಮೂರನೇದಕ್ಕೆ ಒಂದಿಷ್ಟು ನೆಮ್ಮದಿ. ಕೈ ಚುರುಕಾಗಿದ್ದರೂ ಅರ್ಧ ಗಂಟೆ ಹಿಡಿಯುತ್ತದೆ. ಎರಡು ದಿನಕ್ಕೊಮ್ಮೆ ನೀರು ಬಿಡುವ ಬೀದಿಯಲ್ಲಿ ಸೊಪ್ಪಿಗೆ ಅಂತ ಒಂದು ಬಕೆಟ್ ನೀರು ಎತ್ತಿಡುವುದೂ ಯೋಚನೆಯೇ. ನೀವು ಏಳಕ್ಕೆ ಬಂದು ಇದಕ್ಕೆ ಕೂತರೆ ಊಟ ಒಂಬತ್ತಕ್ಕೆ. ಅಷ್ಟರಲ್ಲಿ ಚಿಕ್ಕದು ನಿದ್ದೆ ಹೋಗಿರುತ್ತದೆ. ನೂಡಲ್ಸಿಗೆ ಒಂದು ಪಾತ್ರೆ, ಒಂದು ಲೋಟ ನೀರು ಸಾಕು. ಮಕ್ಕಳು ತಟ್ಟೆಯಲ್ಲಿ ಬಿಡುವುದೂ ಇಲ್ಲ.

ಆ ಕೊನೇ ಮಾತು ಸಣ್ಣದಲ್ಲ. ಹಾಗಲಕಾಯಿ ಪಲ್ಯ ಮಾಡಿ ಮಕ್ಕಳು ಮುಟ್ಟದಿದ್ದರೆ ದುಡ್ಡೂ ಹೋಯಿತು, ಗ್ಯಾಸೂ ಹೋಯಿತು, ರಾತ್ರಿ ಅವರು ಹಸಿದು ಮಲಗಿದ್ದೂ ಆಯಿತು. ಉಳ್ಳವರ ಮನೆಯಲ್ಲಿ ಇನ್ನೊಂದು ಮಾಡಿ ಕೊಡುತ್ತಾರೆ. ಇಲ್ಲದವರು ಮಕ್ಕಳು ಖಂಡಿತ ತಿನ್ನುವುದನ್ನೇ ಮಾಡುತ್ತಾರೆ. ಅದು ಅಜ್ಞಾನ ಅಲ್ಲ, ಜಾಣತನ.

ಹಾಗಂತ ಕೈಚೆಲ್ಲಿ ಅನ್ನುತ್ತಿಲ್ಲ. ಭಾನುವಾರ ಬಸ್ಸಾರು ಮಾಡಿ. ತೊಗರಿಬೇಳೆ ಅರೆಬೆಂದ ಮೇಲೆ ಸೊಪ್ಪು ಹಾಕಿ ಬೇಯಿಸಿ, ಬಸಿದು, ಆ ಕಟ್ಟಿನಲ್ಲಿ ಸಾರು, ಉಳಿದ ಸೊಪ್ಪು-ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಉರಿಯಲ್ಲಿ ಎರಡು ಅಡುಗೆ. ಈರುಳ್ಳಿ, ಬೆಳ್ಳುಳ್ಳಿ, ಮೆಣಸು ಹುರಿದು ರುಬ್ಬಲು ಪುರುಸೊತ್ತಿಲ್ಲದಿದ್ದರೆ ಸಾರಿನ ಪುಡಿ ಹಾಕಿ. ನಮ್ಮತ್ತೆ ಇದ್ದಿದ್ದರೆ ಬೈಯುತ್ತಿದ್ದರು, ನೀವು ಹಾಕಿ. ನುಗ್ಗೆಸೊಪ್ಪು ಸಿಕ್ಕರೆ ಕಡ್ಡಿ ಸಮೇತ ಬಟ್ಟೆಯಲ್ಲಿ ಸುತ್ತಿಡಿ. ಬೆಳಿಗ್ಗೆ ಕೊಡವಿದರೆ ಎಲೆ ತಾನಾಗಿ ಉದುರುತ್ತದೆ, ಬಿಡಿಸುವ ಕೆಲಸ ಅರ್ಧಕ್ಕರ್ಧ ಕಡಿಮೆ. ವಾರದ ದಿನ ಸೊಪ್ಪಿನ ಗೊಡವೆ ಬೇಡ. ಬೆಳಿಗ್ಗೆ ಹೋಗುವಾಗ ಹೆಸರುಕಾಳನ್ನೋ ಅಲಸಂದೆಯನ್ನೋ ನೆನೆಹಾಕಿ, ಸಂಜೆ ಕುಕ್ಕರಿಗೆ ಟೊಮೆಟೊ ಜೊತೆ ಹಾಕಿ. ಹೆಚ್ಚುವುದೂ ಇಲ್ಲ, ಸೋಸುವುದೂ ಇಲ್ಲ. ಹಾಲು ಕಡಿಮೆ ಬಿದ್ದರೆ ರಾಗಿ ಇದೆಯಲ್ಲ: 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ನೂಡಲ್ಸ್ ಮಾಡುವ ದಿನವೂ ಒಂದು ಮೊಟ್ಟೆ ಒಡೆದು ಹಾಕಿ. ಮಕ್ಕಳು ಸರ್ಕಾರಿ ಶಾಲೆಯವರಾದರೆ ಬಿಸಿಯೂಟ, ಹಾಲು, ಮೊಟ್ಟೆ ಅಲ್ಲೇ ಸಿಗುತ್ತದೆ. ಅದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪ್ರಶ್ನೆ: ನಮ್ಮ ತಾಯಿ ಹತ್ತು ಜನಕ್ಕೆ ಎರಡು ಹೊತ್ತು ಬೇಯಿಸಿ ಹಾಕುತ್ತಿದ್ದರು. ಒಂದು ದಿನ ಬೇಸರ ಮಾಡಿಕೊಂಡವರಲ್ಲ. ಈಗಿನ ಹೆಣ್ಣುಮಕ್ಕಳಿಗೆ ಮಿಕ್ಸಿ, ಕುಕ್ಕರ್, ಫ್ರಿಜ್ ಎಲ್ಲ ಇದ್ದೂ ಮೊಬೈಲಿನಲ್ಲಿ ಊಟ ತರಿಸುತ್ತಾರೆ. ಇದು ಸೋಮಾರಿತನ ಅಲ್ಲದೆ ಇನ್ನೇನು?
— ಬಸವನಗುಡಿಯ ಹಿರಿಯ ಓದುಗರು

ಉತ್ತರ: ಸ್ವಾಮಿ, ಅವರೆಕಾಯಿ ಸೀಸನ್ನಿನಲ್ಲಿ ಒಂದು ಬೆಳಿಗ್ಗೆ ಚೀಲ ಹಿಡಿದು ಗಾಂಧಿಬಜಾರಿಗೆ ನಡೆದು ಹೋಗಿ ಬನ್ನಿ, ನಿಮಗೆ ಹತ್ತಿರವೇ. ಒಂದು ಕಡೆ ಸೊಗಡಿನ ಅವರೆಕಾಯಿ ರಾಶಿ ಇರುತ್ತದೆ. ಪಕ್ಕದಲ್ಲೇ ಬಿಡಿಸಿದ ಕಾಳು. ಅದರಾಚೆ ಹಿದಕಿದ ಬೇಳೆ. ಮೂರರ ಬೆಲೆಯನ್ನೂ ಕೇಳಿ. ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ. ಕಾಯಿಯ ಸಿಪ್ಪೆ ಹೋಗಿ ತೂಕ ಇಳಿಯುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನೋಡಬೇಕಾದರೆ ಅಲ್ಲಿ ಕೂತ ಹೆಂಗಸರ ಕೈ ನೋಡಿ. ರಾತ್ರಿ ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒಂದೊಂದೇ ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಬೆರಳ ತುದಿ ನೆನೆದು ಬೆಳ್ಳಗೆ ಸುಕ್ಕಾಗಿರುತ್ತದೆ. ನೀವು ಹೆಚ್ಚಿಗೆ ಕೊಡುವ ದುಡ್ಡು ಆ ಬೆರಳಿನ ಕೂಲಿ. ನಿಮ್ಮ ತಾಯಿಯವರೂ ಅದನ್ನೇ ಮಾಡಿದರು. ಅವರಿಗೆ ಆ ಕೂಲಿ ಯಾರೂ ಕೊಡಲಿಲ್ಲ. ಅದಕ್ಕೇ ಆ ಊಟ ಅಗ್ಗ ಅಂತ ನಮಗೆಲ್ಲ ಅನಿಸಿದ್ದು.

ಬೇಸರ ಮಾಡಿಕೊಳ್ಳಲಿಲ್ಲ ಎಂದಿದ್ದೀರಿ. ಅವರನ್ನು ಯಾರಾದರೂ ಕೇಳಿದ್ದರಾ? ಆ ಹತ್ತು ಜನರ ಮನೆಯಲ್ಲಿ ಅತ್ತೆ, ನಾದಿನಿ, ಓರಗಿತ್ತಿ ಅಂತ ಇನ್ನೂ ಎರಡು ಜೊತೆ ಕೈ ಇದ್ದಿರಬೇಕು. ಈಗ ಆ ಕೈಗಳೂ ಇಲ್ಲ, ಇರುವ ಒಂದು ಜೊತೆ ಕೈ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯನ್ನು ನೋಡಿ. ದುಡ್ಡು ಸಿಗದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರದ್ದು 88. ಗಂಡಸರಲ್ಲಿ ಮಾಡುವವರೇ ಕಡಿಮೆ, ಅದು ಬೇರೆ ಮಾತು. ಸೋಮಾರಿಗಳನ್ನು ಹುಡುಕಲೇಬೇಕು ಅಂತಿದ್ದರೆ ಯಾವ ಕಡೆ ಹುಡುಕಬೇಕು ಅಂತ ನೀವೇ ಹೇಳಿ.

ಪ್ರಶ್ನೆ: ಇಬ್ಬರೂ ಐಟಿಯಲ್ಲಿದ್ದೇವೆ, ಸಂಬಳಕ್ಕೆ ಕೊರತೆ ಇಲ್ಲ. ಬೆಳಿಗ್ಗೆ ಅಡುಗೆಯವರು ಬಂದು ಮಾಡಿಟ್ಟು ಹೋಗುತ್ತಾರೆ. ಆದರೂ ಎಣ್ಣೆ ಜಾಸ್ತಿ, ತರಕಾರಿ ಕಡಿಮೆ. ರಾತ್ರಿ ಅರ್ಧಕ್ಕರ್ಧ ದಿನ ಆರ್ಡರ್ ಮಾಡುತ್ತೇವೆ. ದುಡ್ಡಿದ್ದವರ ಮನೆಯಲ್ಲೂ ಹೀಗೇಕೆ?
— ಬೆಳ್ಳಂದೂರಿನ ಓದುಗರು

ಉತ್ತರ: ದುಡ್ಡು ಕೊಟ್ಟು ನೀವು ಕೊಂಡಿರುವುದು ಇನ್ನೊಬ್ಬರ ಮುಕ್ಕಾಲು ಗಂಟೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಆಕೆಗೆ ಇನ್ನೂ ಮೂರು ಮನೆ ಇರಬಹುದು, ಕೇಳಿ ನೋಡಿ. ಮುಕ್ಕಾಲು ಗಂಟೆಯಲ್ಲಿ ಚಪಾತಿ, ಪಲ್ಯ, ಸಾರು ಮೂರೂ ಆಗಬೇಕು. ಹುರುಳಿಕಾಯಿ ಸಣ್ಣಗೆ ಹೆಚ್ಚಲು ಪುರುಸೊತ್ತಿಲ್ಲ, ಆಲೂಗಡ್ಡೆಯಾದರೆ ನಾಲ್ಕು ಏಟಿಗೆ ಮುಗಿಯಿತು. ಉರಿ ಜೋರು, ತಳ ಹಿಡಿಯದಿರಲು ಎಣ್ಣೆ. ಆಕೆಯ ಕೈ ಕೆಟ್ಟದ್ದಲ್ಲ, ಗಡಿಯಾರ ಬಿಗಿ.

ಒಂದು ಕೆಲಸ ಮಾಡಿ. ಇನ್ನೊಂದು ಅರ್ಧ ಗಂಟೆಗೆ ದುಡ್ಡು ಕೊಡಿ. ಜಿಮ್ಮಿಗೆ ಕಟ್ಟಿ ಹೋಗದೆ ಬಿಟ್ಟ ದುಡ್ಡಿಗಿಂತ ಕಡಿಮೆಯೇ ಆಗುತ್ತದೆ. ಅದಾಗದಿದ್ದರೆ ತರಕಾರಿಯನ್ನು ಹಿಂದಿನ ರಾತ್ರಿ ನೀವಿಬ್ಬರೇ ಹೆಚ್ಚಿ ಡಬ್ಬಿಯಲ್ಲಿಡಿ. ಆಕೆ ಬಂದು ಒಗ್ಗರಣೆ ಹಾಕಿದರೆ ಸಾಕು. ಎಣ್ಣೆಗೆ ಭಾಷಣ ಬೇಡ, ಅಳತೆ ಇಡಿ. ನಾನು ಮೇಲೆ ಹೇಳಿದ ಮಾರ್ಗಸೂಚಿಯ ಪ್ರಕಾರ ಒಬ್ಬರಿಗೆ ದಿನಕ್ಕೆ 27 ಗ್ರಾಂ. ಇಬ್ಬರಿಗೆ ತಿಂಗಳಿಗೆ ಎರಡು ಲೀಟರ್ ಒಳಗೇ ಮುಗಿಯಬೇಕು. ತುಪ್ಪವೂ ಅದರಲ್ಲೇ. ತಿಂಗಳ ಮೊದಲ ದಿನ ಅಷ್ಟನ್ನೇ ತಂದಿಡಿ.

ರಾತ್ರಿ ಆರ್ಡರ್ ಮಾಡುವವರು ನೀವಿಬ್ಬರೇ ಅಲ್ಲ. 2023-24ರ ಮನೆಖರ್ಚಿನ ಸಮೀಕ್ಷೆಯಲ್ಲಿ ಭಾರತದ ನಗರಗಳ ಜನ ತಿಂಗಳ ಖರ್ಚಿನಲ್ಲಿ ಶೇ 11ರಷ್ಟನ್ನು ಪಾನೀಯ, ತಯಾರಿಸಿದ ಮತ್ತು ಸಂಸ್ಕರಿಸಿದ ಆಹಾರಕ್ಕೇ ಹಾಕಿದ್ದರು. ಹಾಲಿಗೂ ಇಲ್ಲ, ತರಕಾರಿಗೂ ಇಲ್ಲ ಅಷ್ಟು. ಒಂಬತ್ತೂವರೆಗೆ ಲ್ಯಾಪ್‌ಟಾಪ್ ಮುಚ್ಚಿದವರಿಗೆ ದೋಸೆ ಹುಯ್ಯುವುದೂ ಬೆಟ್ಟ ಹತ್ತಿದಷ್ಟು ಅನಿಸುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ ಮೊಸರನ್ನ ಎಂಬ ಒಂದು ಐಟಂ ಇದೆ. ಬೆಳಗಿನ ಅನ್ನ ಫ್ರಿಜ್ಜಿನಲ್ಲಿಟ್ಟಿರಿ, ಸಂಜೆ ಮೊಸರು ಕಲಸಿ, ಸೌತೆಕಾಯಿ ಹೆಚ್ಚಿ ಹಾಕಿ. ಡೆಲಿವರಿ ಹುಡುಗ ಗೇಟಿನಲ್ಲಿ ಸೆಕ್ಯುರಿಟಿಗೆ ಹೆಸರು ಬರೆಸುವುದರೊಳಗೆ ನಿಮ್ಮ ಊಟ ಆಗಿರುತ್ತದೆ.

ಪ್ರಶ್ನೆ: ರೂಮ್ ಮಾಡಿಕೊಂಡು ಕೆಲಸ ಹುಡುಕುತ್ತಿದ್ದೇನೆ. ಎರಡು ಹೊತ್ತೂ ಇಂದಿರಾ ಕ್ಯಾಂಟೀನ್. ಇದೇ ಸಾಕಾ, ಸ್ಟೌ ತೆಗೆದುಕೊಳ್ಳಲಾ?
— ವಿಜಯನಗರದ ಓದುಗರು

ಉತ್ತರ: 2017ರ ಆಗಸ್ಟಿನಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟರು. ಆ ದುಡ್ಡಿಗೆ ಒಬ್ಬರ ಅಡುಗೆ ರೂಮಿನಲ್ಲಿ ಆಗುವುದಿಲ್ಲಪ್ಪ, ಗ್ಯಾಸೇ ನುಂಗುತ್ತದೆ. ಸ್ಟೌ ಸದ್ಯಕ್ಕೆ ಬೇಡ. ಊಟ ಅಲ್ಲೇ ಮಾಡು. ಅನ್ನ ಜಾಸ್ತಿ, ತರಕಾರಿ ಕಡಿಮೆ ಆಗುತ್ತದೆ, ಅದನ್ನು ಬೆಂಕಿ ಇಲ್ಲದೆ ಸರಿಮಾಡಿಕೋ. ಬಾಳೆಹಣ್ಣು, ಸೌತೆಕಾಯಿ, ಕ್ಯಾರೆಟ್, ಒಂದು ಹಿಡಿ ಕಡಲೆಕಾಯಿ ಬೀಜ. ಹೆಸರುಕಾಳು ನೆನೆಸಿ ಮೊಳಕೆ ಕಟ್ಟಲು ಒಂದು ಕರ್ಚೀಫು ಸಾಕು. ಬೇಯಿಸಿದ ಮೊಟ್ಟೆ ಸಂಜೆ ಗಾಡಿಗಳಲ್ಲಿ ಸಿಗುತ್ತದೆ. ಕೆಲಸ ಸಿಕ್ಕ ಮೇಲೆ ಬರೆ, ಆಗ ಸ್ಟೌ ವಿಚಾರ ನೋಡೋಣ.

ಪ್ರಶ್ನೆ: ಪ್ಯಾಕೆಟ್ ದೋಸೆ ಹಿಟ್ಟು, ಹೆಚ್ಚಿಟ್ಟ ತರಕಾರಿ, ಫ್ರಿಜ್ಜಿನ ಬಟಾಣಿ ತಂದರೆ ನಮ್ಮತ್ತೆ ಮುಖ ಊದಿಸುತ್ತಾರೆ. ಇದು ಮನೆ ಅಡುಗೆ ಅಲ್ಲವಾ?
— ನಾಗರಭಾವಿಯ ಓದುಗರು

ಉತ್ತರ: ಖಂಡಿತ ಮನೆ ಅಡುಗೆಯೇ. ಪ್ಯಾಕೆಟ್ ಹಿಂದೆ ಓದಿ. ಅಕ್ಕಿ, ಉದ್ದು, ಮೆಂತ್ಯ, ನೀರು, ಉಪ್ಪು ಅಷ್ಟೇ ಇದ್ದರೆ ಮುಗಿಯಿತು, ನಿಮ್ಮ ಗ್ರೈಂಡರಿನಲ್ಲಿ ಹಾಕುವುದೂ ಅದನ್ನೇ. ಫ್ರಿಜ್ಜಿನ ಬಟಾಣಿಯನ್ನು ಕೊಯ್ದ ಸ್ವಲ್ಪ ಹೊತ್ತಿಗೇ ಹೆಪ್ಪುಗಟ್ಟಿಸಿರುತ್ತಾರೆ, ಅದಕ್ಕೇನೂ ಕೊರತೆ ಇಲ್ಲ. ಹೆಚ್ಚಿಟ್ಟ ತರಕಾರಿ ಮಾತ್ರ ದುಬಾರಿ, ಬೇಗ ಬಾಡುತ್ತದೆ. ಅದನ್ನು ತೀರಾ ಆತುರದ ದಿನಕ್ಕೆ ಇಟ್ಟುಕೊಳ್ಳಿ. ರೆಡಿಮೇಡ್ ಗ್ರೇವಿ, ಸಾಸ್ ವಿಷಯ ಬೇರೆ, ಅದರಲ್ಲಿ ಉಪ್ಪು, ಎಣ್ಣೆ ಎಷ್ಟು ಅಂತ ನೋಡಿಯೇ ಕೊಳ್ಳಿ. ಅತ್ತೆಯವರಿಗೆ ದೋಸೆ ಬಿಸಿಬಿಸಿ ಹಾಕಿ ಕೊಡಿ, ಜೊತೆಗೆ ಚಟ್ನಿ ಅವರ ಕೈಯಿಂದಲೇ ಮಾಡಿಸಿ.

ಪತ್ರದ ಕೊನೆಯಲ್ಲಿ "ಯಜಮಾನರು ಆರಕ್ಕೇ ಮನೆಗೆ ಬರುತ್ತಾರೆ, ಆದರೆ ಅವರಿಗೆ ಅಡುಗೆ ಬರಲ್ಲ" ಎಂದೂ ಬರೆದಿದ್ದೀರಿ. ಬೇಳೆ, ಅಕ್ಕಿ ತೊಳೆದು, ನೀರಿನ ಅಳತೆಗೆ ಒಂದು ಲೋಟ ತೋರಿಸಿ, ಕುಕ್ಕರ್ ಕೈಗೆ ಕೊಡಿ. ಮೂರು ಕೂಗು ಎಣಿಸಲು ಬಂದರೆ ಸಾಕು.