ಬರೆಯುವವರ ಗೆಳೆಯರ ಬಳಗವನ್ನು ಸಂಘವಾಗಿ ನೋಂದಣಿ ಮಾಡಿಸಬೇಕಾ?

ಎಂಟು ಜನ ಇದ್ದೀರಿ. ಆರು ತಿಂಗಳಿಂದ ತಿಂಗಳಿಗೊಮ್ಮೆ ಸೇರಿ, ಬರೆದದ್ದನ್ನು ಓದುತ್ತಿದ್ದೀರಿ. ಈಗ "ಸಂಘ ಅಂತ ನೋಂದಣಿ ಮಾಡಿಸಿ ಪದಾಧಿಕಾರಿಗಳನ್ನು ಆರಿಸಿದರೆ ಶಿಸ್ತು ಬರುತ್ತದಾ, ಅಧ್ಯಕ್ಷರು ಯಾರಾಗಬೇಕು" ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ಹೊಟ್ಟೆಯಲ್ಲಿ ಒಂಥರಾ ಆಯಿತು. ನಾವು ಒಂಬತ್ತು ಜನ ಇದ್ದೆವು. ಇದೇ ಪ್ರಶ್ನೆ ಕೇಳಿಕೊಂಡಿದ್ದೆವು. ಉತ್ತರವನ್ನೂ ತಪ್ಪಾಗಿ ಕೊಟ್ಟುಕೊಂಡೆವು.

ನನ್ನದು ಸಾಗರದಲ್ಲಿ ಒಂದು ಜೆರಾಕ್ಸ್, ಡಿಟಿಪಿ ಅಂಗಡಿ. ಮದುವೆ ಕರೆಯೋಲೆ, ಪಹಣಿ ಪ್ರತಿ, ಸೊಸೈಟಿ ನೋಟಿಸು, ಇವೇ ಹೊಟ್ಟೆಪಾಡು. ನಡುನಡುವೆ ಕಥೆ, ಕವನ ಟೈಪ್ ಮಾಡಿಸಲು ಬರುವವರಿರುತ್ತಾರೆ. ಅವರನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ. ಹಾಳೆಯನ್ನು ಮಗುಚಿ ಇಡುತ್ತಾರೆ. "ಸುಮ್ನೆ ಬರೆದಿದ್ದು, ಅರ್ಜೆಂಟ್ ಏನಿಲ್ಲ" ಅನ್ನುತ್ತಾರೆ. ವಿಶೇಷಾಂಕಗಳ ಕಥಾಸ್ಪರ್ಧೆ ಹತ್ತಿರ ಬಂದರೆ ಇಂಥವರು ಜಾಸ್ತಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾ ಮಾಡುತ್ತಾ ಊರಲ್ಲಿ ಯಾರ್ಯಾರು ಏನೇನು ಬರೆಯುತ್ತಾರೆ ಅಂತ ನನಗೊಬ್ಬನಿಗೇ ಗೊತ್ತಿತ್ತು. ಅವರಿಗೆ ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ.

2014ರಲ್ಲಿ ಒಂದು ಭಾನುವಾರ ಶಟರ್ ಅರ್ಧ ಇಳಿಸಿ ಎಲ್ಲರನ್ನೂ ಕರೆದೆ. ಒಬ್ಬ ಬಸ್ ಕಂಡಕ್ಟರ್, ಬ್ಲೌಸ್ ಹೊಲಿಯುವ ಟೈಲರ್ ಅಕ್ಕ, ನಿವೃತ್ತ ಪೋಸ್ಟ್ ಮಾಸ್ಟರ್, ಹೈಸ್ಕೂಲ್ ಮೇಷ್ಟ್ರು, ಒಬ್ಬರು ನರ್ಸ್, ಅಡಿಕೆ ಮಂಡಿಯ ಗುಮಾಸ್ತ, ಡಿಗ್ರಿ ಓದುತ್ತಿದ್ದ ಇಬ್ಬರು ಹುಡುಗರು, ಮತ್ತೆ ನಾನು. ನೆಲದ ಮೇಲೆ ಜಮಖಾನ. ಪೇಪರ್ ರಿಮ್ಮಿನ ಬಂಡಲ್ಲುಗಳೇ ಒರಗುದಿಂಬು.

ಕ್ರಮ ಸರಳ ಇತ್ತು. ಬರೆದವರು ಬುಧವಾರದೊಳಗೆ ಪ್ರತಿ ಕೊಡಬೇಕು. ಆಗ ಜೆರಾಕ್ಸ್ ಪುಟಕ್ಕೆ ಒಂದು ರೂಪಾಯಿ. ಆರು ಪುಟದ ಕಥೆಗೆ ಒಂಬತ್ತು ಪ್ರತಿ ಅಂದರೆ 54 ರೂಪಾಯಿ, ಅದು ಬರೆದವರದೇ ಖರ್ಚು. ಚಹಾ ಸರದಿ ಪ್ರಕಾರ. ಬರೆದವರು ತಮ್ಮದನ್ನು ತಾವೇ ಓದುವ ಹಾಗಿಲ್ಲ, ಬೇರೆಯವರು ಓದುತ್ತಾರೆ. ಇದು ಬಹಳ ಮುಖ್ಯ. ತಮ್ಮದನ್ನು ತಾವೇ ಓದಿದರೆ ದನಿಯಲ್ಲೇ ಎಲ್ಲಾ ತಪ್ಪು ಮುಚ್ಚಿಹಾಕುತ್ತಾರೆ. ಬೇರೆಯವರು ಎಡವಿದ ಕಡೆ ವಾಕ್ಯವೇ ಎಡವಟ್ಟಾಗಿರುತ್ತದೆ. ಆಮೇಲಿನ ಅರ್ಧ ಗಂಟೆ ಬರೆದವರು ಬಾಯಿ ಬಿಡಬಾರದು. ಇದನ್ನು ನಾನು ಕಲಿತದ್ದು ಪಕ್ಕದ ಹೆಗ್ಗೋಡಿನಲ್ಲಿ. ಅಲ್ಲಿನ ನಾಟಕ ಸಂಸ್ಥೆ ನೀನಾಸಂನ ಶಿಬಿರದಲ್ಲಿ ಹಿಂದಿನ ರಾತ್ರಿ ನೋಡಿದ ನಾಟಕದ ಬಗ್ಗೆ ಮರುದಿನ ಬೆಳಿಗ್ಗೆ ಎಲ್ಲರೂ ಕೂತು ಮಾತಾಡುತ್ತಾರೆ. ಅಲ್ಲಿ ಒಬ್ಬ ರೈತರು ಎದ್ದು ನಿಂತು "ನನಗೆ ಮೂರನೇ ದೃಶ್ಯ ಅರ್ಥ ಆಗ್ಲಿಲ್ಲ" ಅಂದದ್ದು ನನ್ನ ತಲೆಯಲ್ಲಿ ಹಾಗೇ ಉಳಿದಿತ್ತು.

ಕಂಡಕ್ಟರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಟಿಕೆಟ್ ಮೆಷಿನ್ನಿನ ರೋಲ್ ಮುಗಿಯುತ್ತಾ ಬಂದಾಗ ಅಂಚಿನಲ್ಲಿ ಕೆಂಪು ಗೆರೆ ಬರುತ್ತದಲ್ಲ, ಆ ತುದಿಯನ್ನು ಎಸೆಯದೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅದರ ಹಿಂಬದಿಯಲ್ಲಿ ಬಾಲ್ ಪೆನ್ನಿನಲ್ಲಿ ಒಂದೊಂದು ಸಾಲು. ಅಂಗಡಿಗೆ ಬಂದು ಕೌಂಟರಿನ ಮೇಲೆ ಬಿಡಿಸಿದರೆ ಸುರುಳಿ ಮತ್ತೆ ಸುತ್ತಿಕೊಳ್ಳುತ್ತಿತ್ತು. ಒಂದು ತುದಿಗೆ ಸ್ಟೇಪ್ಲರ್, ಇನ್ನೊಂದು ತುದಿಗೆ ಪಂಚಿಂಗ್ ಮೆಷಿನ್ ಇಟ್ಟು ನಾನು ಟೈಪ್ ಮಾಡುತ್ತಿದ್ದೆ. ಒಂದು ಕಥೆ, ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ ಊರಿಗೆ ಟಿಕೆಟ್ ಕೇಳುವ ಒಬ್ಬ ಅಜ್ಜಿಯದು. ಆಣೆಕಟ್ಟು ಮುಗಿದದ್ದು 1964ರಲ್ಲಿ. ಅಜ್ಜಿಗೆ ಇವತ್ತೂ ಆ ಊರಿನ ಹೆಸರೇ ಬಾಯಿಗೆ ಬರುತ್ತದೆ. ಕೊನೆಯಲ್ಲಿ ಕಂಡಕ್ಟರ್ ಅರ್ಧ ಪುಟ ಭಾಷಣ ಬರೆದಿದ್ದರು, ಮುಳುಗಡೆಯ ನೋವು ಅದೂ ಇದೂ ಅಂತ. ಎಲ್ಲರೂ ತಲೆಯಾಡಿಸಿದೆವು. ಟೈಲರ್ ಅಕ್ಕ ಮಾತ್ರ "ಅಜ್ಜಿ ದುಡ್ಡು ಎಲ್ಲಿ ಇಟ್ಕೊಂಡಿದ್ಲು?" ಅಂತ ಕೇಳಿದರು. ಸೆರಗಿನ ಗಂಟಿನಲ್ಲಿ. "ಹಂಗಾದ್ರೆ ಗಂಟು ಬಿಚ್ಚೋಕೆ ಹೊತ್ತು ಹಿಡಿದಿರುತ್ತೆ. ಬಸ್ ನಿಂತಿರುತ್ತೆ. ಅದನ್ನ ಬರೀರಿ." ಮುಂದಿನ ತಿಂಗಳು ಭಾಷಣ ಹೋಗಿತ್ತು. ಅಜ್ಜಿ ಗಂಟು ಬಿಚ್ಚುತ್ತಿದ್ದಳು, ಡ್ರೈವರ್ ಹಾರನ್ ಹೊಡೆಯುತ್ತಿದ್ದ. ಕಥೆ ಅಲ್ಲಿಗೇ ಮುಗಿದಿತ್ತು. ಆಮೇಲೆ ಸ್ವಲ್ಪ ಹೊತ್ತು ಯಾರೂ ಚಹಾ ಮುಟ್ಟಲಿಲ್ಲ.

ನಿಮ್ಮ ಬಳಗದಿಂದ ನಿಮಗೆ ಬೇಕಾದದ್ದು ಇದು ತಾನೇ? ಇದಕ್ಕೆ ನೋಂದಣಿ ಸಂಖ್ಯೆ ಯಾಕೆ?

ಎರಡು ವರ್ಷ ಹೀಗೆ ನಡೆಯಿತು. 2016ರಲ್ಲಿ ಪೋಸ್ಟ್ ಮಾಸ್ಟರ್ ಮಾತು ತೆಗೆದರು. "ಸಂಘ ಅಂತಾದ್ರೆ ಇಲಾಖೆಯಿಂದ ಧನಸಹಾಯ ಕೇಳಬಹುದು." ಮೇಷ್ಟ್ರು ಹೌದೆಂದರು. ಕನ್ನಡ ಉಳಿದಿದ್ದೇ ಸಂಘಗಳಿಂದ, ಧಾರವಾಡದ ವಿದ್ಯಾವರ್ಧಕ ಸಂಘ 1890ರದು, ಸಾಹಿತ್ಯ ಪರಿಷತ್ತು 1915ರದು ಅಂತ ಲೆಕ್ಕ ಕೊಟ್ಟರು. ನರ್ಸ್ ಮೇಡಂ ಒಬ್ಬರೇ ಎದುರು ಮಾತಾಡಿದ್ದು. "ಧಾರವಾಡದಲ್ಲಿ ಆ ಸಂಘ ಇದ್ರೂ 1922ರಲ್ಲಿ ಬೇಂದ್ರೆಯವರು ಕಟ್ಟಿಕೊಂಡಿದ್ದಕ್ಕೆ ಗೆಳೆಯರ ಗುಂಪು ಅಂತ ಯಾಕೆ ಹೆಸರಿಟ್ರು ಮೇಷ್ಟ್ರೇ?" ಬೇಂದ್ರೆಯವರಿಗೆ ಆಗಿನ್ನೂ ಇಪ್ಪತ್ತಾರು. ಮೇಷ್ಟ್ರು ನಕ್ಕು ಮಾತು ತೇಲಿಸಿದರು. ನಾನೂ ನಕ್ಕೆ. ಯಾಕೆಂದರೆ, ನಿಜ ಹೇಳಿಬಿಡುತ್ತೇನೆ, ಅಷ್ಟರಲ್ಲಿ ನಾನು ಲೆಟರ್‌ಹೆಡ್ ಡಿಸೈನ್ ಮಾಡಿ ಆಗಿತ್ತು. ಮೇಲೆ ಲೋಗೋ, ಎಡಕ್ಕೆ "ನೋಂದಣಿ ಸಂಖ್ಯೆ" ಅಂತ ಬರೆದು ಮುಂದೆ ಖಾಲಿ ಜಾಗ. ಡಿಟಿಪಿಯವನಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸಂಘ ಮಾಡಿದ್ದೇ ತಪ್ಪು ಅಂತ ನೀವು ಅಂದುಕೊಂಡಿರಬಹುದು. ಅದಕ್ಕಿಂತ ಸಣ್ಣದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಅದರ ಪ್ರಕಾರ ಕನಿಷ್ಠ ಏಳು ಜನ ಸದಸ್ಯರು ಸಹಿ ಹಾಕಬೇಕು. ಕನಿಷ್ಠ. ಎಂಟಾಗಬಹುದು, ಒಂಬತ್ತಾಗಬಹುದು, ಕಾಯ್ದೆ ಬೇಡ ಅನ್ನುವುದಿಲ್ಲ. ಸೋಮವಾರ ಬೆಳಿಗ್ಗೆ ಮೇಷ್ಟ್ರು ಕಾಗದಪತ್ರ ಹಿಡಿದು ಶಿವಮೊಗ್ಗಕ್ಕೆ ಹೊರಡುವವರಿದ್ದರು. ಭಾನುವಾರ ಸಂಜೆ ಎಲ್ಲರ ಆಧಾರ್ ಪ್ರತಿ, ಫೋಟೋ, ಸಹಿ ಸೇರಿಸುತ್ತಿದ್ದೆ. ಇಬ್ಬರದು ಇರಲಿಲ್ಲ. ಕಂಡಕ್ಟರಿಗೆ ಅವತ್ತು ನೈಟ್ ಹಾಲ್ಟ್ ಡ್ಯೂಟಿ. ಟೈಲರ್ ಅಕ್ಕನ ಆಧಾರಿನಲ್ಲಿ ಇನಿಷಿಯಲ್ ತಪ್ಪಾಗಿತ್ತು, ತಿದ್ದುಪಡಿಗೆ ಕೊಟ್ಟಿದ್ದರು. "ಏಳು ಸಾಕಂತೆ ಕಣ್ರೀ" ಅಂದರು ಮೇಷ್ಟ್ರು. ನಾನು ಏಳು ಹೆಸರು ಟೈಪ್ ಮಾಡಿ ಪ್ರಿಂಟ್ ಕೊಟ್ಟೆ.

ಒಂದು ವಾರ ಕಾಯಬಹುದಿತ್ತು. ಯಾವ ಗಡುವೂ ಇರಲಿಲ್ಲ. ಕಂಡಕ್ಟರಿಗೆ ಫೋನ್ ಮಾಡಬಹುದಿತ್ತು. ಅವರ ಆಧಾರ್ ಕಾರ್ಡನ್ನು ನನ್ನ ಅಂಗಡಿಯಲ್ಲೇ ಹತ್ತು ಸಲ ಜೆರಾಕ್ಸ್ ಮಾಡಿದ್ದೆ, ಅವರ ಮನೆಯವರು ಕೇಳಿದ್ದರೆ ತಂದುಕೊಡುತ್ತಿದ್ದರು. "ಆಮೇಲೆ ಸೇರಿಸಿಕೊಂಡರಾಯಿತು" ಅಂತ ಒಂದು ಮಾತನ್ನಾದರೂ ಅವರಿಗೆ ಹೇಳಬಹುದಿತ್ತು. ಏನೂ ಮಾಡಲಿಲ್ಲ. ಹೇಳುವಂಥದ್ದೇನಿದೆ, ಕಾಗದದ ಕೆಲಸ ತಾನೇ ಅಂದುಕೊಂಡೆ. ದಿನವಿಡೀ ಕಾಗದದ ಜೊತೆಗೇ ಇರುವವನು ನಾನು. ಕಾಗದದಲ್ಲಿ ಹೆಸರು ಬಿಟ್ಟುಹೋದರೆ ಏನಾಗುತ್ತದೆ ಅಂತ ಪಹಣಿ ಹಿಡಿದು ಬರುವ ಜನರನ್ನು ನೋಡಿಯಾದರೂ ನನಗೆ ಗೊತ್ತಿರಬೇಕಿತ್ತು.

ಹುದ್ದೆಗಳನ್ನೂ ಅದೇ ಹಾಳೆಯಲ್ಲಿ ತುಂಬಿದೆವು. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಸಹ ಕಾರ್ಯದರ್ಶಿ, ಖಜಾಂಚಿ, ಇಬ್ಬರು ನಿರ್ದೇಶಕರು. ಏಳು ಜನಕ್ಕೆ ಏಳು ಹುದ್ದೆ, ಸರಿಯಾಗಿ ಕೂತಿತು. ಆ ಡಿಗ್ರಿ ಹುಡುಗರೂ ನಿರ್ದೇಶಕರಾದರು. ಒಂಬತ್ತರಲ್ಲಿ ಇಬ್ಬರು ಮಾತ್ರ ಸಭಿಕರಾದರು.

ಉದ್ಘಾಟನೆಯ ಫ್ಲೆಕ್ಸ್ ನಾನೇ ಮಾಡಿದ್ದು. ಏಳು ಪಾಸ್‌ಪೋರ್ಟ್ ಸೈಜ್ ಫೋಟೋ. ಕಂಡಕ್ಟರ್ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ಹಿಂದೆ ಬಾಗಿಲ ಹತ್ತಿರ ನಿಂತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು "ಚೆನ್ನಾಗಾಯ್ತು ಸಾರ್" ಅಂದರು. ಎರಡು ವರ್ಷ ನನ್ನನ್ನು "ಮಾರಾಯ್ರೇ" ಅನ್ನುತ್ತಿದ್ದ ಮನುಷ್ಯ. ನನಗೆ ಆ "ಸಾರ್" ಆಗ ಕೇಳಿಸಲೇ ಇಲ್ಲ. ಹಾರ, ಶಾಲುಗಳ ಲೆಕ್ಕ ಹಾಕುತ್ತಿದ್ದೆ. ಮುಂದಿನ ತಿಂಗಳು ಅವರು ಬರಲಿಲ್ಲ. ಡ್ಯೂಟಿ ಅಂದುಕೊಂಡೆ. ಟೈಲರ್ ಅಕ್ಕ ಇನ್ನೆರಡು ಸಲ ಬಂದು ನಿಲ್ಲಿಸಿದರು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ, ನೀವು ಬೇರೆ ಕಡೆ ನೋಡಿಯೇ ಇರುತ್ತೀರಿ. ಜಮಖಾನ ಹೋಗಿ ಕುರ್ಚಿ ಬಂತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ವಂದನಾರ್ಪಣೆ. ಒಂದು ಸಲ ಗಡಿಯಾರ ನೋಡಿದೆ. ಎರಡು ಗಂಟೆಯ ಕಾರ್ಯಕ್ರಮದಲ್ಲಿ ಕಥೆ ಓದಿದ್ದು ಹದಿನೈದು ನಿಮಿಷ. ಅಧ್ಯಕ್ಷರು ಕವನ ಓದಿದರೆ ಮೂರನೇ ಚರಣ ಸಪ್ಪೆ ಅಂತ ಯಾರು ಹೇಳುತ್ತಾರೆ? ಅವರು ಬರೀ ಪೋಸ್ಟ್ ಮಾಸ್ಟರ್ ಆಗಿದ್ದಾಗ ಹೇಳುತ್ತಿದ್ದೆವು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಆಡಿಟ್ ಆದ ಲೆಕ್ಕ ಸಲ್ಲಿಸುವ ಕೆಲಸ ಬೇರೆ. ಕೊನೆಗೆ ಕುರ್ಚಿ ಬಾಡಿಗೆಯ 1,850 ರೂಪಾಯಿಗೆ ಜಗಳವಾಗಿ 2018ರಲ್ಲಿ ಎಲ್ಲಾ ನಿಂತಿತು. ಧನಸಹಾಯಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ.

ಮರುವರ್ಷ ಟೈಲರ್ ಅಕ್ಕನ ಮನೆಗೆ ಹೋದೆ. ಮತ್ತೆ ಶುರು ಮಾಡೋಣ, ಜಮಖಾನದ ಮೇಲೆ, ಅಂದೆ. ಹೊಲಿಯುತ್ತಿದ್ದ ಮೆಷಿನ್ ನಿಲ್ಲಿಸದೆ ಕೇಳಿದರು: "ಆಧಾರ್ ಇಲ್ದೆ ಕಥೆ ಬರೆಯಬಹುದಾ ಈಗ?" ತಲೆ ತಗ್ಗಿಸಿ ನಿಂತೆ. ಆಮೇಲೆ ಚಹಾ ಕೊಟ್ಟರು, ಬಂದರು ಕೂಡ. ಕಂಡಕ್ಟರಿಗೆ ಅಷ್ಟರಲ್ಲಿ ಬೇರೆ ಡಿಪೋಗೆ ವರ್ಗವಾಗಿತ್ತು. ಫೋನ್ ಮಾಡಿ ತಪ್ಪಾಯಿತು ಅಂದೆ. "ಅಯ್ಯೋ ಅದೆಲ್ಲಾ ಏನಿಲ್ಲ ಸಾರ್, ಬರ್ತೀನಿ" ಅಂದರು. ಇನ್ನೂ ಬಂದಿಲ್ಲ. ಬರೆಯುತ್ತಿದ್ದಾರಾ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಹಾಗಾಗಿ ಅಧ್ಯಕ್ಷರು ಯಾರಾಗಬೇಕು ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಸಂಘ ಬೇಡ ಅಂತ ಎಲ್ಲರಿಗೂ ಹೇಳುತ್ತಿಲ್ಲ. ಸಮ್ಮೇಳನ ಮಾಡಬೇಕು, ಕಟ್ಟಡ ಕಟ್ಟಬೇಕು, ಪುಸ್ತಕ ಮಾರಬೇಕು ಅನ್ನುವವರಿಗೆ ಸಂಘ ಬೇಕು. ಕರಡು ಓದಿ ತಿದ್ದಿಕೊಳ್ಳುವವರಿಗೆ ಬೇಡ. ಟ್ರಸ್ಟ್ ಕೂಡ ಬೇಡ. ಶಿಸ್ತು ಹುದ್ದೆಯಿಂದ ಬರುತ್ತದೆ ಅಂತ ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ, ನಮ್ಮಲ್ಲಿ ಬುಧವಾರದ ಜೆರಾಕ್ಸಿನಿಂದ ಬಂದಿತ್ತು. ಪ್ರತಿ ಕೊಡದವರ ಸರದಿ ಮುಂದಕ್ಕೆ. ಸಭೆ ಮಾತ್ರ ನಿಲ್ಲುವುದಿಲ್ಲ, ಮೂರೇ ಜನ ಇದ್ದರೂ, ಆಷಾಢದ ಮಳೆ ಹೊಯ್ಯುತ್ತಿದ್ದರೂ.

ಜನ ಜಾಸ್ತಿ ಮಾಡಿಕೊಳ್ಳಬೇಡಿ. ಎರಡು ಗಂಟೆಯಲ್ಲಿ ಎರಡು ಬರಹ ನೋಡಬಹುದು, ಅಷ್ಟೇ. ಎಂಟು ಜನ ಅಂದರೆ ಒಬ್ಬೊಬ್ಬರಿಗೆ ನಾಲ್ಕು ತಿಂಗಳಿಗೊಂದು ಸರದಿ. ಹನ್ನೆರಡು ಜನ ಆದರೆ ಆರು ತಿಂಗಳು ಕಾಯಬೇಕು, ಅಷ್ಟರಲ್ಲಿ ಬರೆಯುವ ಹುಮ್ಮಸ್ಸೇ ಹೋಗಿರುತ್ತದೆ. ಹೊಸಬರು ಬಂದರೆ ಇನ್ನೊಂದು ಗುಂಪು ಮಾಡಿಕೊಡಿ. "ಚೆನ್ನಾಗಿದೆ" ಅನ್ನುವ ಮಾತಿಗೆ ನಮ್ಮಲ್ಲಿ ಈಗ ದಂಡ ಇದೆ, ಮುಂದಿನ ಚಹಾ ಅವರದು. ಎಲ್ಲಿ ಮನಸ್ಸು ಬೇರೆ ಕಡೆ ಹೋಯಿತು ಅಂತ ಹೇಳಿದರೆ ಸಾಕು. ವಾಟ್ಸಾಪ್ ಗ್ರೂಪಿನಲ್ಲಿ ತಾರೀಕು, ಜಾಗ ಬಿಟ್ಟು ಬೇರೇನೂ ಹಾಕಬೇಡಿ, ಕವನವನ್ನಂತೂ ಹಾಕಲೇಬೇಡಿ. ಅಲ್ಲಿ ಹಾಕಿದ ಕವನಕ್ಕೆ ಚಪ್ಪಾಳೆ ಚಿತ್ರ ಬರುತ್ತದೆ, ಅದಾದ ಮೇಲೆ ಅದನ್ನು ಯಾರೂ ತಿದ್ದುವುದಿಲ್ಲ.

ಇನ್ನೊಂದು. ನಿಮ್ಮ ಎಂಟು ಜನರಲ್ಲಿ ರಜೆ ಸಿಗದವರು ಯಾರೋ ಒಬ್ಬರು ಇದ್ದೇ ಇರುತ್ತಾರೆ. ನಮ್ಮಲ್ಲಿ ಈಗ ಅದು ನರ್ಸ್ ಮೇಡಂ. ಅವರ ಡ್ಯೂಟಿ ಚಾರ್ಟ್ ಬಂದ ಮೇಲೆಯೇ ನಾವು ತಾರೀಕು ಇಡುವುದು. ಈ ತಿಂಗಳು ಮಂಗಳವಾರ ರಾತ್ರಿ ಎಂಟಕ್ಕೆ ಬಿದ್ದಿದೆ. ಮೇಷ್ಟ್ರು ಗೊಣಗುತ್ತಿದ್ದಾರೆ, ಗೊಣಗಲಿ.