ಹಳೇ ನಿಕ್ಕೊರ್ಮಾಟ್ ಮೇಲೆ ಎಎಫ್ ಲೆನ್ಸ್ ಹಾಕಿದರೆ ಮೀಟರ್ ಯಾಕೆ ಕೆಲಸ ಮಾಡಲ್ಲ? ಸರಿಮಾಡಬಹುದಾ?

ನಿಕಾನ್ ಕಂಪನಿಯ ಹಳೇ ಫಿಲ್ಮ್ ಕ್ಯಾಮೆರಾ ನಿಕ್ಕೊರ್ಮಾಟ್ ಎಫ್‌ಟಿಎನ್‌ಗೆ 50 ಎಂಎಂ ಎಫ್/1.8 ಎಎಫ್-ಡಿ (ಆಟೋಫೋಕಸ್) ಲೆನ್ಸ್ ಸರಿಯಾಗಿ ಕೂರುತ್ತದೆ, ಆದರೆ ಅಪರ್ಚರ್ (ಬೆಳಕು ಬರುವ ಕಿಂಡಿಯ ಅಳತೆ) ರಿಂಗ್ ತಿರುಗಿಸಿದರೆ ಬೆಳಕು ಅಳೆಯುವ ಮೀಟರಿನ ಮುಳ್ಳು ಅಲ್ಲಾಡುವುದೇ ಇಲ್ಲ ಅಂದಿದ್ದೀರಿ. ಎರಡೂ ಕೆಟ್ಟಿಲ್ಲ, ಗಾಬರಿ ಬೇಡ.

ಲೆನ್ಸ್ ಕೂರುವ ಬಳೆ, ಅಂದರೆ ನಿಕಾನ್ ಎಫ್ ಮೌಂಟಿನ ಅಳತೆ 1959ರಿಂದ ಬದಲಾಗಿಲ್ಲ, ಅದಕ್ಕೇ ಲೆನ್ಸ್ ಕೂರುತ್ತದೆ. ಬದಲಾಗಿದ್ದು ಅಪರ್ಚರ್ ಎಷ್ಟಿದೆ ಅಂತ ಮೀಟರಿಗೆ ಹೇಳುವ ದಾರಿ. ಹಳೇ ಲೆನ್ಸುಗಳ ಅಪರ್ಚರ್ ರಿಂಗಿನ ಮೇಲೆ ಕವೆಯಂಥ ಲೋಹದ ತುಂಡೊಂದು ಇರುತ್ತಿತ್ತು. ಮೊಲದ ಕಿವಿ ಅಂತ ಅದರ ಅಡ್ಡಹೆಸರು. ನಿಮ್ಮ ಬಾಡಿಯ ಮೌಂಟ್ ಪಕ್ಕದ ಪಿನ್ ಆ ಕಿವಿಗಳ ನಡುವೆ ಸಿಕ್ಕಿಕೊಂಡು ರಿಂಗ್ ಜೊತೆ ತಿರುಗಬೇಕು. 1977ರಲ್ಲಿ ಎಐ ಅನ್ನೋ ಹೊಸ ವ್ಯವಸ್ಥೆ ಬಂದ ಮೇಲೆ ರಿಂಗಿನ ಹಿಂದಿನ ಅಂಚೇ ಆ ಕೆಲಸಕ್ಕೆ ಸಾಕಾಯಿತು. ಎಎಫ್ ಲೆನ್ಸುಗಳಲ್ಲಿ ಕವೆಯನ್ನು ಬಿಟ್ಟೇಬಿಟ್ಟರು.

ಹಾಗಾಗಿ ಒಂದು ಕವೆ ಕೂರಿಸಿದರೆ ಆಯ್ತು. ಬೂಸ್ಟು ಹಿಡಿದ ಯಾವುದಾದರೂ ಎಐ ಲೆನ್ಸಿನಿಂದ ಬಿಚ್ಚಿಕೊಳ್ಳಿ, ಎರಡೇ ಸ್ಕ್ರೂ. ತೂತುಗಳಿರುವ ಕವೆಯೇ ಒಳ್ಳೆಯದು. ಆ ತೂತುಗಳಿಂದ ಕೆಳಗಿನ ಚಿಕ್ಕ ಅಂಕಿಗಳ ಮೇಲೆ ಬೆಳಕು ಬೀಳುತ್ತದೆ, ಮುಂದೆ ಆ ಅಂಕಿಗಳನ್ನು ವ್ಯೂಫೈಂಡರಿನಲ್ಲಿ ತೋರಿಸುವ ಬಾಡಿಗೆ ಹಾಕಿದಾಗ ಬೇಕಾಗಬಹುದು.

ಇನ್ನು ಎಲ್ಲಿ ಕೂರಿಸಬೇಕು ಅನ್ನೋದು. ಕವೆಯ ಸೀಳು ಸರಿಯಾಗಿ 5.6 ಅಂಕಿಯ ನೇರಕ್ಕೆ ಬರಬೇಕು. ರಿಂಗನ್ನು ಬೆಳಕಿಗೆ ಓರೆ ಹಿಡಿದು ನೋಡಿ, 5.6ರ ಅಕ್ಕಪಕ್ಕ ಸಾಸಿವೆಗಿಂತ ಚಿಕ್ಕ ಎರಡು ಗುಳಿ ಕಾಣಬಹುದು. ಹಲವು ಎಎಫ್ ಲೆನ್ಸುಗಳಲ್ಲಿ ಇರುತ್ತವೆ, ತೂತು ಕೊರೆಯೋಕೆ ಅಂತಲೇ ಇಟ್ಟ ಗುರುತು. ಡ್ರಿಲ್ ಬಿಟ್‌ಗೆ ಎರಡು ಮಿಲಿಮೀಟರ್ ಬಿಟ್ಟು ಟೇಪ್ ಸುತ್ತಿ, ಕೈಯಲ್ಲೇ ತಿರುಗಿಸಿ ಕೊರೆಯಿರಿ. ಮೋಟಾರ್ ಡ್ರಿಲ್ ಬೇಡವೇ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ಆದಷ್ಟೂ ರಿಂಗನ್ನು ಲೆನ್ಸಿನಿಂದ ಬಿಚ್ಚಿಟ್ಟು ಕೊರೆಯಿರಿ. ಮೌಂಟ್ ಬಿಚ್ಚುವಾಗ ಒಳಗಿನ ಎಲೆಕ್ಟ್ರಾನಿಕ್ ಚಿಪ್‌ಗೆ ಅಂಟಿರುವ ತೆಳು ಪಟ್ಟಿ ಎಳೆಯಬೇಡಿ. ಜಪಾನಿ ಸ್ಕ್ರೂಗಳಿಗೆ ಜೆಐಎಸ್ (ಜಪಾನಿ ಮಾನದಂಡದ) ಸ್ಕ್ರೂಡ್ರೈವರ್ ಬೇಕು, ಮಾಮೂಲಿ ಫಿಲಿಪ್ಸ್ ಹಾಕಿದರೆ ತಲೆ ಸವೆದುಹೋಗುತ್ತದೆ.

ನಾನು ಮೊದಲ ಸಲ ಇದನ್ನೆಲ್ಲ ಬಿಟ್ಟು ಸೂಪರ್ ಗ್ಲೂ ಹಚ್ಚಿ ಅಂಟಿಸಿದೆ. ಜಾಣತನ ಅಂದುಕೊಂಡಿದ್ದೆ. ಬೆಳಗ್ಗೆ ನೋಡಿದರೆ ಹಿಂದಿನ ಗಾಜಿನ ಮೇಲೆ ಬೂದಿ ಚೆಲ್ಲಿದ ಹಾಗೆ ಬಿಳಿ ಪೊರೆ! ಆ ಅಂಟಿನ ಆವಿ ಗಾಜಿನ ಮೇಲೆ ಕೂತು ಹೀಗಾಗುತ್ತದೆ. ಅಂಟು ಬೇಕೇಬೇಕು ಅಂದರೆ ಎಪಾಕ್ಸಿ ಹಾಕಿ, ಅದೂ ರಿಂಗ್ ಲೆನ್ಸಿನಿಂದ ಹೊರಗಿರುವಾಗ.

ಕೂರಿಸಿದ ಮೇಲೆ ಪರೀಕ್ಷೆ. ರಿಂಗನ್ನು 5.6ಕ್ಕೆ ಇಟ್ಟು, ಬಾಡಿಯ ಪಿನ್ನನ್ನು ಪೂರ್ತಿ ಬಲಕ್ಕೆ ತಳ್ಳಿ ಲೆನ್ಸ್ ಹಾಕಿ. ಆಮೇಲೆ ರಿಂಗನ್ನು ಒಮ್ಮೆ 22ರವರೆಗೂ, ಮತ್ತೆ 1.8ರವರೆಗೂ ತಿರುಗಿಸಿ. ಮೌಂಟ್ ಪಕ್ಕದ ಪುಟ್ಟ ಅಳತೆಪಟ್ಟಿಯ ಗುರುತು 1.8ರ ಆಸುಪಾಸು ನಿಂತರೆ ಕವೆ ಸರಿಯಾಗಿ ಕೂತಿದೆ. ಬೇರೆಲ್ಲೋ ನಿಂತರೆ ಕವೆ ಸರಿದಿದೆ ಅಂತ ಅರ್ಥ.

ಹೆಸರಿನಲ್ಲಿ ಜಿ ಅಂತಿರುವ ನಿಕಾನ್ ಲೆನ್ಸುಗಳ ಮೇಲೆ ಈ ಪ್ರಯೋಗ ಮಾಡಬೇಡಿ. ಅವಕ್ಕೆ ಅಪರ್ಚರ್ ರಿಂಗೇ ಇಲ್ಲ, ಈ ಬಾಡಿಯಲ್ಲಿ ಸುಮ್ನೆ ಅತಿ ಚಿಕ್ಕ ಅಪರ್ಚರಿಗೆ ಹೋಗಿ ನಿಲ್ಲುತ್ತವೆ.

ಇಷ್ಟೆಲ್ಲ ಆದಮೇಲೂ ಮೀಟರ್ ತಪ್ಪು ತೋರಿಸಿದರೆ ಲೆನ್ಸನ್ನು ಬೈಯಬೇಡಿ. ಈ ಕ್ಯಾಮೆರಾ ಮಾಡಿದ್ದು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ, ಅದು ಈಗ ಮಾರಾಟಕ್ಕೇ ಇಲ್ಲ. 1.5 ವೋಲ್ಟಿನ ಆಲ್ಕಲೈನ್ ಹಾಕಿದ್ದೀರಾ, ನೋಡಿಕೊಳ್ಳಿ.