ವೈಟ್ನರ್ ಗೆರೆ ನಂಬಿ ಬೆಲ್ಟ್ ಬದಲಿಸಬೇಡಿ

ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟನ್ನೂ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟನ್ನೂ ತಾಳ ತಪ್ಪದಂತೆ ಜೋಡಿಸಿಡುವ ಹಲ್ಲಿನ ರಬ್ಬರ್ ಪಟ್ಟಿಯೇ ಟೈಮಿಂಗ್ ಬೆಲ್ಟ್. ಅದರ ಬಗ್ಗೆ ಇನ್ನು ಬರೆಯುವುದಿಲ್ಲ ಎಂದುಕೊಂಡಿದ್ದೆ. ಈ ತಿಂಗಳ ಪತ್ರಗಳಲ್ಲೂ ಅದೇ ಪ್ರಶ್ನೆ, ಗೆರೆ ಎಳೆದುಕೊಂಡು ಬೆಲ್ಟ್ ಬದಲಿಸಿದರೆ ಸಾಕು ಎನ್ನುವ ಅದೇ ವಿಡಿಯೊ, ಅದೇ ವೈಟ್ನರ್. ಬೋಲ್ಟ್ ಬಿಚ್ಚುವುದು ಹೇಗೆ, ಜಾಕ್ ಕೊಡುವುದು ಎಲ್ಲಿ ಎಂದು ಇಲ್ಲಿ ಹೇಳುವುದಿಲ್ಲ. ಅಷ್ಟು ಗೊತ್ತಿಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು.

ಸರ್, ನನ್ನದು 2014ರ ಡಸ್ಟರ್ ಡೀಸೆಲ್. ಟೈಮಿಂಗ್ ಬೆಲ್ಟನ್ನು ಮನೆಯ ಶೆಡ್‌ನಲ್ಲೇ ಬದಲಿಸಬೇಕೆಂದಿದ್ದೇನೆ. ಹಳೆಯ ಬೆಲ್ಟ್‌ಗೂ ಪುಲಿಗಳಿಗೂ ವೈಟ್ನರ್‌ನಿಂದ ಗೆರೆ ಎಳೆದುಕೊಂಡರೆ ಲಾಕಿಂಗ್ ಪಿನ್ (ಶಾಫ್ಟ್‌ಗಳನ್ನು ಸರಿಯಾದ ಸ್ಥಾನದಲ್ಲಿ ನಿಲ್ಲಿಸುವ ಕಡ್ಡಿ) ಬೇಕಿಲ್ಲವಂತೆ. ವಾಟರ್ ಪಂಪ್ ಸೋರುತ್ತಿಲ್ಲ, ಅದನ್ನು ಹಾಗೇ ಬಿಡಬಹುದೇ? – ಹಾಸನದ ಓದುಗರು

ಪಂಪ್ ಬಿಡಬೇಡಿ. ಈ 1461 ಸಿಸಿ ಎಂಜಿನ್‌ನಲ್ಲಿ ಪಂಪನ್ನು ತಿರುಗಿಸುವುದೇ ಟೈಮಿಂಗ್ ಬೆಲ್ಟ್. ಹಳೆಯ ಪಂಪಿನ ಬೇರಿಂಗ್ ಕಚ್ಚಿಕೊಂಡರೆ ನಿಮ್ಮ ಹೊಸ ಬೆಲ್ಟ್ ಕೂಡ ಅದರ ಜೊತೆಗೇ ಹೋಗುತ್ತದೆ. ಮುಂದಿನ ವರ್ಷ ಸೋರಲು ಶುರುವಾದರೆ ಇವತ್ತು ಬಿಚ್ಚಿದ್ದನ್ನೆಲ್ಲ ಮತ್ತೆ ಬಿಚ್ಚಬೇಕು. ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಪಂಪ್ ಮೂರನ್ನೂ ಒಂದೇ ಸಲ ಬದಲಿಸಿ. ಪಂಪ್ ಕೂರಿಸುವ ಮುಖವನ್ನು ಚೆನ್ನಾಗಿ ಕೆರೆದು ಒರೆಸಿ. ಪ್ಯಾಕಿಂಗ್ ಕೊಟ್ಟಿದ್ದರೂ ಅದರ ಮೇಲೆ ಸಿಲಿಕೋನ್ ಪೇಸ್ಟ್ ಮೆತ್ತುವ ಚಟ ಕೆಲವರಿಗಿದೆ. ಒಳಗೆ ಉಬ್ಬಿದ ಪೇಸ್ಟ್ ಕಿತ್ತು ಬಂದು ರೇಡಿಯೇಟರ್ ಸೇರುತ್ತದೆ.

ಇನ್ನು ವೈಟ್ನರ್. ಹಳೆಯ ಬೆಲ್ಟ್ ಹೇಗಿತ್ತೋ ಹಾಗೆಯೇ ಹೊಸದನ್ನು ಕೂರಿಸು ಎನ್ನುವುದಷ್ಟೇ ಆ ಗೆರೆಗೆ ಗೊತ್ತು. ಹಿಂದಿನವನು ಒಂದು ಹಲ್ಲು ತಪ್ಪಿ ಕೂರಿಸಿದ್ದರೆ ನೀವು ಆ ತಪ್ಪನ್ನೇ ಶ್ರದ್ಧೆಯಿಂದ ನಕಲು ಮಾಡುತ್ತೀರಿ. ಕ್ರ್ಯಾಂಕ್ ಪುಲಿಗೆ 20 ಹಲ್ಲಿದ್ದರೆ ಒಂದು ಹಲ್ಲು ಎಂದರೆ 18 ಡಿಗ್ರಿ, ಅದೇನು ಸಣ್ಣ ಲೆಕ್ಕವಲ್ಲ. ಜೊತೆಗೆ ಟೆನ್ಷನರ್ ಸಡಿಲಿಸಿದ ಕ್ಷಣ ವಾಲ್ವ್ ಸ್ಪ್ರಿಂಗ್‌ಗಳು ಕ್ಯಾಮ್ ಶಾಫ್ಟನ್ನು ತಮಗೆ ಬೇಕಾದ ಕಡೆ ತಳ್ಳಬಹುದು. ಗೆರೆ ಅದನ್ನು ಹಿಡಿದು ನಿಲ್ಲಿಸುವುದಿಲ್ಲ, ಪಿನ್ ನಿಲ್ಲಿಸುತ್ತದೆ.

ಆದರೆ ಪಿನ್ ಇರುವುದು ಸ್ಥಾನ ತೋರಿಸಲು, ಬೋಲ್ಟ್ ಬಿಚ್ಚುವ ಬಲ ತಡೆಯಲು ಅಲ್ಲ. ಈ ಎಂಜಿನ್‌ನ ಕ್ರ್ಯಾಂಕ್ ಪಿನ್ ಬ್ಲಾಕ್‌ನ ಪಕ್ಕದಿಂದ ಒಳಹೋಗುತ್ತದೆ, ಕ್ರ್ಯಾಂಕ್ ನಿಧಾನವಾಗಿ ಬಂದು ಅದಕ್ಕೆ ಒರಗಿ ನಿಲ್ಲುತ್ತದೆ. ಅದರ ಆಧಾರದಲ್ಲಿ ಪುಲಿಯ ಬೋಲ್ಟ್ ಬಿಚ್ಚಲು ಉದ್ದನೆಯ ಪೈಪ್ ಹಾಕಿ ತುಳಿದವರು ಬಾಗಿದ ಪಿನ್ ಹಿಡಿದು ನನ್ನ ಬಳಿ ಬಂದಿದ್ದಾರೆ. ಬೋಲ್ಟ್ ಬಿಚ್ಚುವಾಗ ಪಿನ್ ಹೊರಗಿರಲಿ. ಆ ಬೋಲ್ಟನ್ನು ಮತ್ತೆ ಬಳಸಬೇಡಿ, ಹೊಸದನ್ನೇ ತನ್ನಿ. ಅದನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿದು, ಆಮೇಲೆ ಹೇಳಿದಷ್ಟು ಡಿಗ್ರಿ ತಿರುಗಿಸಬೇಕು. ಎಷ್ಟೆಂದು ನಿಮ್ಮ ಎಂಜಿನ್‌ನ ರಿಪೇರಿ ಮ್ಯಾನುಯಲ್‌ನಲ್ಲೇ ನೋಡಿ, ನನ್ನನ್ನೂ ನಂಬಬೇಡಿ.

ಬೆಲ್ಟ್ ಕೂರಿಸಿ, ಟೆನ್ಷನರ್‌ನ ಮುಳ್ಳನ್ನು ಗುರುತಿಗೆ ತಂದ ಮೇಲೆ ಎಲ್ಲರೂ ಸೆಲ್ಫ್ ಹೊಡೆಯಲು ಓಡುತ್ತಾರೆ. ಪಿನ್‌ಗಳನ್ನು ಮೊದಲು ತೆಗೆಯಿರಿ. ಕ್ರ್ಯಾಂಕ್ ಪುಲಿಯ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ, ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದು ಸುತ್ತು ಮುಗಿಸುತ್ತದೆ. ನಡುವೆ ಬಿಗಿ ಎನಿಸುತ್ತದೆ, ಹೆದರಬೇಡಿ. ಕಂಪ್ರೆಷನ್‌ನ ಬಿಗಿ ಗಾಳಿ ತುಂಬಿದ ಟ್ಯೂಬ್ ಒತ್ತಿದಂತೆ, ಕಾದರೆ ಮೆಲ್ಲಗೆ ಬಿಟ್ಟುಕೊಡುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಗೋಡೆಗೆ ಹೊಡೆದಂತೆ ಥಟ್ಟನೆ ನಿಲ್ಲುತ್ತದೆ. ಆಗ ಇನ್ನೊಂದು ಕೂದಲಿನಷ್ಟೂ ಒತ್ತಬೇಡಿ, ಬೆಲ್ಟ್ ಬಿಚ್ಚಿ ಮೊದಲಿನಿಂದ ಶುರು ಮಾಡಿ. ಎರಡು ಸುತ್ತಾದ ಮೇಲೆ ಪಿನ್‌ಗಳು ತಾವಾಗಿಯೇ ಒಳಹೋಗಬೇಕು, ಮುಳ್ಳು ಗುರುತಿನಲ್ಲೇ ಇರಬೇಕು. ಇಷ್ಟು ವರ್ಷವಾದರೂ ನಾನು ನಾಲ್ಕು ಸುತ್ತು ತಿರುಗಿಸುತ್ತೇನೆ. ಹುಡುಗರು ನಗುತ್ತಾರೆ, ನಗಲಿ.

ಹೀಗೆ ಕೈಯಿಂದ ತಿರುಗಿಸಿ ನೋಡದವರೊಬ್ಬರ ಕಾರು ಟೋ ಮಾಡಿಸಿಕೊಂಡು ನಮ್ಮಲ್ಲಿಗೆ ಬಂದಿತ್ತು. ಹೆಡ್ ಎತ್ತಿದಾಗ ನಾಲ್ಕೂ ಪಿಸ್ಟನ್‌ಗಳ ತಲೆಯ ಮೇಲೆ ಚಪಾತಿ ಹಿಟ್ಟಿಗೆ ಉಗುರು ಒತ್ತಿದ ಹಾಗೆ ಹೊಳೆಯುವ ಅರ್ಧಚಂದ್ರಗಳು. ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗಿದ್ದವು. ಮಾಲೀಕರು ಜೇಬಿನಿಂದ ಮೊಬೈಲ್ ತೆಗೆದು, "ವಿಡಿಯೊದಲ್ಲಿ ಸರಿಯಾಗಿಯೇ ಇತ್ತಲ್ಲ ಸರ್" ಎಂದರು. ವಿಡಿಯೊದಲ್ಲಿ ಅವರ ಕಾರು ಇರಲಿಲ್ಲ.

ಬೆಲ್ಟ್ ಕಡೆಯ ಎಂಜಿನ್ ಮೌಂಟ್ ಬಿಚ್ಚುವ ಮುನ್ನ ಕೆಳಗೆ ಹಲಗೆ ಇಟ್ಟು ಎಂಜಿನ್‌ಗೆ ಆಧಾರ ಕೊಡಿ. ಕಾರಿನ ಭಾರ ಸ್ಟ್ಯಾಂಡ್‌ಗಳ ಮೇಲಿರಲಿ. ಶೆಡ್‌ನಲ್ಲಿ ಒಬ್ಬರೇ ಈ ಕೆಲಸ ಮಾಡುವುದು ನನಗೆ ಇಷ್ಟವಿಲ್ಲ.

ನನ್ನ ಕಾರು ವರ್ಷಕ್ಕೆ ನಾಲ್ಕು ಸಾವಿರ ಕಿ.ಮೀ. ಕೂಡ ಓಡುವುದಿಲ್ಲ. ಬೆಲ್ಟ್ ನೋಡಲು ಹೊಸದರಂತಿದೆ. – ಧಾರವಾಡ

ಮ್ಯಾನುಯಲ್‌ನಲ್ಲಿ ಕಿ.ಮೀ. ಪಕ್ಕದಲ್ಲೇ ವರ್ಷವನ್ನೂ ಬರೆದಿದ್ದಾರೆ. ಯಾವುದು ಮೊದಲು ಬರುತ್ತದೋ ಅದೇ ಗಡುವು. ರಬ್ಬರ್‌ಗೆ ಮೀಟರ್ ಓದಲು ಬರುವುದಿಲ್ಲ.

ಹೋಗುವ ಮುನ್ನ ಬೆಲ್ಟ್ ಕಿರುಗುಟ್ಟುತ್ತದೆಯಂತೆ? – ಮೈಸೂರು

ಕಿರುಗುಟ್ಟುವುದು ಸಾಮಾನ್ಯವಾಗಿ ಹೊರಗಿನ ಆಲ್ಟರ್ನೇಟರ್ ಬೆಲ್ಟ್. ಟೈಮಿಂಗ್ ಬೆಲ್ಟ್ ಹೇಳದೆ ಕೇಳದೆ ಹೋಗುತ್ತದೆ.

ಬೆಲ್ಟ್‌ಗೆ ಹೊಡೆಯಲು ಅಂಗಡಿಯವರು ಒಂದು ಸ್ಪ್ರೇ ಕೊಟ್ಟಿದ್ದಾರೆ. – ದಾವಣಗೆರೆ

ವಾಪಸ್ ಕೊಡಿ. ಟೈಮಿಂಗ್ ಬೆಲ್ಟ್‌ಗೆ ಎಣ್ಣೆ, ಗ್ರೀಸ್, ಸ್ಪ್ರೇ ಯಾವುದೂ ಬೇಡ. ಕೂಲಂಟ್ ಚೆಲ್ಲಿ ನೆನೆದ ಬೆಲ್ಟನ್ನೂ ನಾನು ಮತ್ತೆ ಹಾಕುವುದಿಲ್ಲ.

ಪಂಪ್ ಬದಲಿಸಿದ ಮೇಲೆ ಬೋರ್‌ವೆಲ್ ನೀರು ತುಂಬಿದರೆ ನಡೆಯುತ್ತದೆಯೇ? – ಕೋಲಾರ

ನಿಮ್ಮ ಮನೆಯ ಗೀಸರ್‌ನ ಕಾಯಿಲ್ ಒಮ್ಮೆ ಬಿಚ್ಚಿ ನೋಡಿ, ಅದೇ ಬಿಳಿ ಹೊಪ್ಪಳೆ ರೇಡಿಯೇಟರ್‌ನಲ್ಲೂ ಕಟ್ಟುತ್ತದೆ. ಕೂಲಂಟ್‌ಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ, ಗಾಳಿ ಪೂರ್ತಿ ಹೋಗುವಂತೆ ತುಂಬಿ. ಹಳೆಯ ಕೂಲಂಟನ್ನು ಅಂಗಳದಲ್ಲಿ ಬೋಗುಣಿಯಲ್ಲಿಟ್ಟು ಮರೆಯಬೇಡಿ. ಅದು ಸಿಹಿ, ನಾಯಿಗಳು ನೆಕ್ಕಿ ಸಾಯುತ್ತವೆ.

ನನ್ನ ಸ್ವಿಫ್ಟ್ 1.3 ಡೀಸೆಲ್‌ಗೆ ಟೈಮಿಂಗ್ ಬೆಲ್ಟ್ ಹಾಕಿದ್ದಾಗಿ ಗ್ಯಾರೇಜಿನವರು ಬಿಲ್ ಕೊಟ್ಟಿದ್ದಾರೆ. ಮುಂದಿನದು ಯಾವಾಗ? – ತುಮಕೂರು

ಆ ಎಂಜಿನ್‌ಗಿರುವುದು ಚೈನ್. ಬಿಚ್ಚಿದ ಹಳೆಯ ಬೆಲ್ಟ್ ತೋರಿಸಿ ಎಂದು ಅವರನ್ನೇ ಕೇಳಿ.